ಹೆಲ್ಮೆಟ್ ಹಾಕಿದ್ರಾ?

ಬೆಂಗಳೂರಿನಿಂದ ನೆದರ್‌ಲ್ಯಾಂಡ್ಸ್‌ಗೆ ಹೊರಟಾಗ ನನ್ನ ಸೂಟ್‌ಕೇಸಿನಲ್ಲಿ ಎರಡು ಕೆಜಿ ಸಾಂಬಾರ್ ಪುಡಿ, ಒಂದು ಕುಕ್ಕರ್, ಒಂದು ಸೈಕಲ್ ಹೆಲ್ಮೆಟ್ ಮತ್ತು ಕತ್ತಲಲ್ಲಿ ಹೊಳೆಯುವ ಪಟ್ಟಿಗಳ ಗಿಳಿಹಸಿರು ಜಾಕೆಟ್ ಇದ್ದವು. ಮೊದಲ ಎರಡು ಅಮ್ಮನ ಒತ್ತಾಯ, ಕೊನೆಯ ಎರಡು ನನ್ನದೇ ಬುದ್ಧಿ. ಬೆಳ್ಳಂದೂರಿನ ಆಫೀಸಿಗೆ ಎರಡು ವರ್ಷ ಸೈಕಲ್ ತುಳಿದವಳು ನಾನು. ಅವೆರಡೂ ಇಲ್ಲದೆ ಒಂದು ದಿನವೂ ಗೇಟು ದಾಟಿರಲಿಲ್ಲ.

ಉಟ್ರೆಕ್ಟ್‌ನಲ್ಲಿ ಮೊದಲ ಸೋಮವಾರ. ಶಿಸ್ತಾಗಿ ಎಲ್ಲ ಹಾಕ್ಕೊಂಡು ಸಿಗ್ನಲ್‌ನಲ್ಲಿ ನಿಂತೆ. ಸುತ್ತ ಮೂವತ್ತು, ನಲವತ್ತು ಸೈಕಲ್. ಸೂಟು ಹಾಕಿದ ಅಂಕಲ್, ಮುಂದಿನ ಮರದ ಪೆಟ್ಟಿಗೆಯಲ್ಲಿ ಎರಡು ಮಕ್ಕಳನ್ನು ಕೂರಿಸಿಕೊಂಡ ತಾಯಿ, ಒಂದು ಕೈಯಲ್ಲಿ ಕೊಡೆ ಹಿಡಿದ ಕಾಲೇಜು ಹುಡುಗ. ಒಬ್ಬರ ತಲೆ ಮೇಲೂ ಹೆಲ್ಮೆಟ್ ಇಲ್ಲ! ಪಕ್ಕದಲ್ಲಿದ್ದ ಅಜ್ಜಿ ನನ್ನ ಜಾಕೆಟ್ ನೋಡಿ ಡಚ್‌ನಲ್ಲಿ ಏನೋ ಕೇಳಿದರು. ನಾನು ಕಣ್ಣು ಕಣ್ಣು ಬಿಟ್ಟಾಗ ಇಂಗ್ಲಿಷಿನಲ್ಲಿ ಮತ್ತೆ ಕೇಳಿದರು: ಆ ಕಡೆ ರಸ್ತೆ ಕೆಲಸ ಯಾವಾಗ ಮುಗಿಯುತ್ತೆ?

ಆ ಬಣ್ಣದ ಜಾಕೆಟ್ ಅಲ್ಲಿ ಹೆಚ್ಚಾಗಿ ಕಾಣುವುದು ರಸ್ತೆ ಅಗೆಯುವವರ ಮೈಮೇಲೆ. ಸೈಕಲ್ಲಿಗೆ ಕತ್ತಲಲ್ಲಿ ದೀಪ ಕಡ್ಡಾಯ, ಇಲ್ಲದಿದ್ದರೆ ದಂಡ. ಮಿಕ್ಕಂತೆ ಸಾಮಾನ್ಯ ಸೈಕಲ್ ಸವಾರರ ಮೈಮೇಲೆ ಏನಿರಬೇಕು ಅಂತ ಕಾನೂನು ತಲೆ ಕೆಡಿಸಿಕೊಂಡಿಲ್ಲ. ಒಂದು ತಿಂಗಳಲ್ಲಿ ನನ್ನ ಜಾಕೆಟ್ ಕಪಾಟು ಸೇರಿತು, ಎರಡು ತಿಂಗಳಲ್ಲಿ ಹೆಲ್ಮೆಟ್ಟೂ.

ಧೈರ್ಯ ಹೇಗೆ ಬಂತು ಅಂತೀರಾ? ಊರೇ ಕೊಟ್ಟಿತು. ರೈಲು ನಿಲ್ದಾಣದ ಕೆಳಗೆ ಮೂರು ಅಂತಸ್ತಿನ ಸೈಕಲ್ ನಿಲುಗಡೆ ಇದೆ, 2019ರಲ್ಲಿ ಪೂರ್ಣಗೊಂಡಿದ್ದು, 12,500 ಸೈಕಲ್ ಹಿಡಿಸುತ್ತೆ. ಸೈಕಲ್ ತುಳಿಯುತ್ತಲೇ ಒಳಗೆ ಹೋಗಬಹುದು. ಕಾಲುವೆ ದಾಟಲು ದಾಫ್ನೆ ಸ್ಕಿಪರ್ಸ್ ಹೆಸರಿನ ಸೇತುವೆ ಇದೆ. ಆಕೆ ಆ ಊರಿನ ಓಟಗಾರ್ತಿ. ಸೇತುವೆಗೆ ಹತ್ತುವ ದಾರಿ ಸುತ್ತಿಕೊಂಡು ಹೋಗುವುದು ಒಂದು ಪ್ರಾಥಮಿಕ ಶಾಲೆಯ ಛಾವಣಿ ಮೇಲೆ! ಕೆಳಗೆ ಮಕ್ಕಳು ಮಗ್ಗಿ ಕಲಿಯುವಾಗ ಮೇಲೆ ನಾನು ಆಫೀಸಿಗೆ ಹೋಗುತ್ತಿದ್ದೆ. ಎಷ್ಟೋ ಕಡೆ ನನಗೂ ಕಾರಿಗೂ ನಡುವೆ ಕಲ್ಲಿನ ಅಂಚೋ ಹುಲ್ಲಿನ ಪಟ್ಟಿಯೋ ಇರುತ್ತಿತ್ತು.

ಇದು ಅವರ ಹುಟ್ಟುಗುಣ ಅಂದುಕೊಂಡಿದ್ದೆ, ಅಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತಿದ್ದರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಶಾಲೆಗೆ ಹೊರಟ ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ 1972ರಲ್ಲಿ ‘ಮಕ್ಕಳ ಕೊಲೆ ನಿಲ್ಲಿಸಿ’ ಅನ್ನುವ ಅರ್ಥದ ತಲೆಬರಹ ಕೊಟ್ಟು ಬರೆದರು. ಅದೇ ಒಂದು ಚಳವಳಿಯ ಹೆಸರಾಯಿತು. ಅಪ್ಪ ಅಮ್ಮಂದಿರು ಬೀದಿಗಿಳಿದರು. ಮರುವರ್ಷ ತೈಲ ಬಿಕ್ಕಟ್ಟು ಬೇರೆ ಬಂದು ಭಾನುವಾರ ಕಾರು ಬಂದ್ ಆಯಿತು. ಅವರು ಮಕ್ಕಳ ತಲೆಗೆ ಏನು ಹಾಕೋಣ ಅಂತ ಕೇಳಲಿಲ್ಲ, ರಸ್ತೆಗೆ ಏನು ಮಾಡ್ತೀರಿ ಅಂತ ಕೇಳಿದರು. ಇವತ್ತು ಕಾರು ಸೈಕಲ್ಲಿಗೆ ಗುದ್ದಿದರೆ, ತಪ್ಪು ಸ್ವಲ್ಪ ಸೈಕಲ್ಲಿನವರದ್ದಿದ್ದರೂ ಸಾಮಾನ್ಯವಾಗಿ ಕನಿಷ್ಠ ಅರ್ಧ ಪರಿಹಾರ ಕಾರಿನವರದ್ದೇ. 14 ವರ್ಷದೊಳಗಿನ ಮಗುವಾದರೆ ಬಹುಮಟ್ಟಿಗೆ ಪೂರ್ತಿ.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಬೇರೆ ದಾರಿ ಹಿಡಿದು 1990ರಲ್ಲೇ ಸೈಕಲ್ ಹೆಲ್ಮೆಟ್ ಕಡ್ಡಾಯ ಮಾಡಿತು. ತಲೆಪೆಟ್ಟು ಕಡಿಮೆಯಾಯ್ತು ಅಂತ ಒಂದು ಗುಂಪು, ಸೈಕಲ್ ತುಳಿಯುವವರೇ ಕಡಿಮೆಯಾದರಲ್ಲ ಅಂತ ಇನ್ನೊಂದು ಗುಂಪು. ಜಗಳ ಇನ್ನೂ ಮುಗಿದಿಲ್ಲ. ನನಗೆ ಇಷ್ಟವಾದದ್ದು ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ ಕಥೆ. 2006ರ ಹೊತ್ತಿಗೆ ಅವರು ಸೈಕಲ್ಲಿಗೆ ಅಳತೆ ಯಂತ್ರ ಕಟ್ಟಿ, ತಮ್ಮನ್ನು ಹಿಂದಿಕ್ಕಿದ ಸುಮಾರು 2,500 ವಾಹನಗಳ ಅಂತರ ದಾಖಲಿಸಿದರು. ಹೆಲ್ಮೆಟ್ ಹಾಕಿದಾಗ ಗಾಡಿಗಳು ಸರಾಸರಿ 8.5 ಸೆಂ.ಮೀ. ಹತ್ತಿರ ಬಂದವಂತೆ. ಉದ್ದ ಕೂದಲಿನ ವಿಗ್ ಹಾಕಿದಾಗ ದೂರ ಸರಿದವಂತೆ! ಆ ಲೆಕ್ಕವನ್ನೂ ಆಮೇಲೆ ಬೇರೆಯವರು ಪ್ರಶ್ನಿಸಿದರು ಅನ್ನಿ.

ಇಷ್ಟೆಲ್ಲ ಓದಿ ಜಾಣೆಯಾಗಿದ್ದೆ. ಆಗ ಮೈಸೂರಿನಿಂದ ಅಮ್ಮನ ಫೋನು.

ಅಪ್ಪ ಬೆಳಗ್ಗೆ ತಮ್ಮ ಹಳೇ ಸೈಕಲ್ಲಿನಲ್ಲಿ ದೇವರಾಜ ಮಾರ್ಕೆಟ್ಟಿಗೆ ಹೊರಟಿದ್ದಾರೆ. ಸರಸ್ವತಿಪುರಂನಲ್ಲಿ ನಿಂತಿದ್ದ ಕಾರಿನ ಬಾಗಿಲು ದಡಕ್ಕನೆ ತೆರೆದಿದೆ. ಅಪ್ಪ ರಸ್ತೆಗೆ ಬಿದ್ದರು. ಹಿಂದಿನ ಆಟೋದವರು ಬ್ರೇಕ್ ಹಾಕಿದ್ದರಿಂದ ಉಳಿದರು. ಭುಜದ ಮೂಳೆ ಮುರಿದಿತ್ತು.

ನನ್ನ ಬಾಯಿಂದ ಬಂದ ಮೊದಲ ಮಾತು: “ಹೆಲ್ಮೆಟ್ ಹಾಕಿದ್ರಾ?”

ಅಮ್ಮ ಫೋನು ಅಪ್ಪನಿಗೆ ಕೊಟ್ಟಳು. “ಬೆಳಗ್ಗೆಯಿಂದ ಹನ್ನೊಂದು ಜನ ಇದನ್ನೇ ಕೇಳಿದ್ರು. ಭುಜಕ್ಕೆ ಹೆಲ್ಮೆಟ್ ಎಲ್ಲಿ ಸಿಗತ್ತೆ ಮಗಳೇ?” ಅಂದರು. ಬಾಗಿಲು ತೆರೆದವರು ಯಾರು ಅಂತ ಹನ್ನೊಂದು ಜನರಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನು ಹನ್ನೆರಡನೆಯವಳು.

ನೆದರ್‌ಲ್ಯಾಂಡ್ಸ್‌ನಲ್ಲಿ ಕಾರಿನ ಬಾಗಿಲನ್ನು ಹತ್ತಿರದ ಕೈಯಿಂದಲ್ಲ, ಆಚೆ ಕೈಯಿಂದ ತೆರೆಯುವ ರೂಢಿಯಿದೆ. ಆಗ ಮೈ ತಾನಾಗಿ ತಿರುಗುತ್ತೆ, ಹಿಂದೆ ಬರುವ ಸೈಕಲ್ ಕಣ್ಣಿಗೆ ಬೀಳುತ್ತೆ. ಖರ್ಚು ಸೊನ್ನೆ. ಕ್ಯಾಬ್‌ನಿಂದ ಇಳಿಯುವಾಗ ನೀವೂ ಮಾಡಿ ನೋಡಿ.

ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಭುಜದ ಬದಲು ತಲೆ ತಾಗಿದ್ದರೆ? ನನ್ನ ಮಹಡಿಯ ಪಕ್ಕದ ಮನೆಯ ಡಚ್ ಅಜ್ಜಿಗೆ ಎಪ್ಪತ್ತು ದಾಟಿದೆ. ಬ್ಯಾಟರಿ ಸೈಕಲ್ ಕೊಂಡ ಮೇಲೆ ಒಮ್ಮೆ ಒದ್ದೆ ಎಲೆ ಮೇಲೆ ಜಾರಿ ಬಿದ್ದಿದ್ದರು. ಅಂದಿನಿಂದ ಹೆಲ್ಮೆಟ್. ಗೆಳತಿಯರು ನಗ್ತಾರೆ, ನಗಲಿ ಅಂತಾರೆ. ಆ ಸುರಕ್ಷಿತ ದೇಶದಲ್ಲೂ 2022ರಲ್ಲಿ 291 ಸೈಕಲ್ ಸವಾರರು ಸತ್ತರು, ಹೆಚ್ಚಿನವರು ವಯಸ್ಸಾದವರು. ಯುರೋಪಿನ ಮಾನದಂಡದಲ್ಲಿ ಸೈಕಲ್ ಹೆಲ್ಮೆಟ್ಟನ್ನು ಒಂದೂವರೆ ಮೀಟರ್ ಎತ್ತರದಿಂದ ಬೀಳಿಸಿದಷ್ಟು ಪೆಟ್ಟಿಗೆ ಪರೀಕ್ಷಿಸುತ್ತಾರೆ, ಗಂಟೆಗೆ ಸುಮಾರು 20 ಕಿ.ಮೀ. ವೇಗ. ಬಸ್ಸು ಗುದ್ದಿದರೆ ಅದು ಎಷ್ಟು ತಡೆದೀತು? ಆದರೆ ಜಾರಿ ಬೀಳುವ ಅಪ್ಪನ ತಲೆಗೆ ಅಷ್ಟೇ ಸಾಕಿರಬಹುದು.

ಡಿಸೆಂಬರ್ ರಜೆಗೆ ಬಂದಾಗ ಕಪಾಟಿನಲ್ಲಿದ್ದ ಎರಡನ್ನೂ ತಂದೆ. ಹೆಲ್ಮೆಟ್ಟನ್ನು ಅಪ್ಪ ತಿರುಗಿಸಿ ಮುರುಗಿಸಿ ನೋಡಿ, ಮಂಕಿ ಕ್ಯಾಪ್ ಮೇಲೆ ಕೂರತ್ತಾ ಅಂತ ಕೇಳಿದರು. ಕೂರಲಿಲ್ಲ. ಮಂಕಿ ಕ್ಯಾಪ್ ಮನೆಯಲ್ಲೇ ಉಳಿಯಿತು, ಅಮ್ಮನಿಗೆ ಆಶ್ಚರ್ಯ. ಜಾಕೆಟ್ ಮಾತ್ರ ಬೇಡವೇ ಬೇಡ ಅಂದರು: “ಕಣ್ಣಿರೋರಿಗೆ ನಾನು ಕಾಣ್ತೀನಿ.”

ಮರುದಿನ ನಸುಕಿನಲ್ಲಿ ಇಬ್ಬರೂ ಕುಕ್ಕರಹಳ್ಳಿ ಕೆರೆ ಕಡೆ ಹೊರಟೆವು. ಅಪ್ಪ ಮುಂದೆ, ಜಾಕೆಟ್ ಹಾಕಿದ ನಾನು ಹಿಂದೆ. ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರ ಬಿಟ್ಟು, ರಸ್ತೆಯ ಒಳಕ್ಕೆ ಸರಿದು ತುಳಿಯುತ್ತಿದ್ದರು. ಭುಜ ಮುರಿದ ಮೇಲೆ ಕಲಿತದ್ದಂತೆ. ಹಿಂದೆ ಒಂದು ಕಾರು ಹಾರ್ನ್ ಹೊಡೆಯಿತು. ಮತ್ತೆ ಹೊಡೆಯಿತು. ನನ್ನ ಕೈ ತಾನಾಗಿ ಎಡಕ್ಕೆ ತಿರುಗಿತು. ಅಪ್ಪ ಕದಲಲಿಲ್ಲ.