ರಾತ್ರಿ ಪಾಳಿ

ಬೈಲಹೊಂಗಲದ ನಮ್ಮ ಹೊಲಕ್ಕೆ ಆ ವಾರ ತ್ರೀಫೇಸ್ ಕರೆಂಟ್ ರಾತ್ರಿ ಪಾಳಿ. ಮೋಟರ್ ಚಾಲೂ ಮಾಡಿ ಕೂತಾಗ ಅಪ್ಪನಿಗೆ ಸೂಪರ್‌ಕಂಡಕ್ಟರ್ ಕಥೆ ಹೇಳಿದೆ. ತಂತಿಯಲ್ಲಿ ಕರೆಂಟ್ ಕಾವಾಗಿ ಸೋರುತ್ತದೆ. ಅದರಲ್ಲಿ ಸೋರುವುದಿಲ್ಲ, ಆದರೆ ವಿಪರೀತ ಚಳಿ ಬೇಕು.

1987ರಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ.ಎನ್.ಆರ್. ರಾವ್ ತಂಡ ಅಭ್ಯಾಸ ಮಾಡಿದ ತಾಮ್ರದ ಆಕ್ಸೈಡ್‌ಗೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕವೇ ಸಾಕು. ಅಂಥದ್ದೇ ಇನ್ನೊಂದನ್ನು ಹುಡುಕುತ್ತ ವಿಜ್ಞಾನಿಗಳು ತಾಮ್ರದ ಮಗ್ಗುಲಿನ ನಿಕಲ್‌ಗೆ ಬಂದರು. 2019ರಲ್ಲಿ ಸಿಕ್ಕಿದ್ದಕ್ಕೆ ಇನ್ನೂ ಹೆಚ್ಚು ಚಳಿ ಬೇಕು. 2023ರಲ್ಲಿ ಸಿಕ್ಕಿದ್ದಕ್ಕೆ ಅಷ್ಟು ಬೇಡ, ಆದರೆ ಗಾಳಿಯ ಒತ್ತಡದ ಲಕ್ಷಪಟ್ಟು ಒತ್ತಬೇಕು.

"ಅದು ಸಿಕ್ಕರ ಹಗಲ ಕರೆಂಟ್ ಬರತೈತೇನೋ ತಮ್ಮಾ?"

"ಸೋರೂದು ತಪ್ಪತೈತಿ ಅಪ್ಪಾ. ಪಾಳಿ ತಪ್ಪಂಗಿಲ್ಲ."

ಅಪ್ಪ ಬ್ಯಾಟರಿ ಹಚ್ಚಿ, ಹಾವಿದ್ದಾವೇನೋ ಎಂದು ನೋಡುತ್ತ, ಬದುವಿನ ಮೇಲೆ ನಡೆದ.