ಗೆದ್ವೇನ್ರೋ?

1988ರ ಹೋಬಳಿ ಮಟ್ಟದ ಕಬಡ್ಡಿ ಫೈನಲ್ಲಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಬೇರೆಯವರು ಹೇಳಿದ್ದು. ಆಗ ಒಂಬತ್ತನೇ ತರಗತಿ. ರೈಡಿಗೆ ಹೋದ ನನ್ನ ಕಣಕಾಲನ್ನು ಮೂಲೆಯವನು ಹಿಡಿದನಂತೆ, ಬೀಳುವಾಗ ಇನ್ನೊಬ್ಬನ ಮೊಣಕಾಲು ಕಿವಿಯ ಮೇಲ್ಗಡೆ ಬಡಿಯಿತಂತೆ. ಮೇಷ್ಟ್ರು ಮುಖಕ್ಕೆ ನೀರು ಚಿಮುಕಿಸಿ, ಬೆರಳು ತೋರಿಸಿ, "ಎಷ್ಟು?" ಎಂದರಂತೆ. "ಎರಡು" ಎಂದೆನಂತೆ. ಉತ್ತರ ಸರಿ ಇತ್ತು. ಎದ್ದು ನಿಂತೆ, ಚಪ್ಪಾಳೆ ಬಿತ್ತು, ಮತ್ತೆ ಆಡಿದೆ.

ವಾಪಸು ಬರುವಾಗ ಟ್ರ್ಯಾಕ್ಟರಿನಲ್ಲಿ "ಗೆದ್ವೇನ್ರೋ?" ಎಂದು ಕೇಳಿದೆನಂತೆ. ಹೇಳಿದರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. ಊರು ಮುಟ್ಟುವುದರೊಳಗೆ ಎಣಿಸುವುದನ್ನೇ ಬಿಟ್ಟಿದ್ದರು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಅದೇ ನನ್ನ ಅಡ್ಡಹೆಸರಾಯಿತು.

ಆ ರಾತ್ರಿ ಎರಡು ಸಲ ವಾಂತಿಯಾಯಿತು. ಅಜ್ಜಿ ದೃಷ್ಟಿ ತೆಗೆದಳು. ತಲೆಗೆ ಪೆಟ್ಟು ಬಿದ್ದವರು ಮಲಗಿದರೆ ಏಳುವುದಿಲ್ಲ ಎಂದು ಬೆಳಗಿನವರೆಗೂ ಕೂರಿಸಿದರು. ಆಸ್ಪತ್ರೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ನಾಲ್ಕನೇ ದಿನ ಮತ್ತೆ ಅಂಗಳಕ್ಕಿಳಿದೆ. ಮೂರು ವಾರ ಬೋರ್ಡು ನೋಡಿದರೆ ತಲೆ ಸಿಡಿಯುತ್ತಿತ್ತು. ಬಾಯಿಗೆ ಬರುತ್ತಿದ್ದ ಬೀಜಗಣಿತ ಬರದಾಯಿತು. ಸೋಮಾರಿತನವೆಂದು ಏಟು ತಿಂದೆ. ಹೊಡೆದವರೂ ಕೆಟ್ಟವರಲ್ಲ. ಎದ್ದು ನಿಂತವನಿಗೆ ಏನೂ ಆಗಿಲ್ಲ ಎಂಬುದೇ ಆಗಿನ ತಿಳಿವಳಿಕೆ.

ಅದಕ್ಕೆ ಕನ್‌ಕಷನ್ ಎನ್ನುತ್ತಾರೆಂದು ತಿಳಿದದ್ದು ಬಹಳ ತಡವಾಗಿ. ಬುರುಡೆಯೊಳಗೆ ಮಿದುಳು ಕುಲುಕಿ, ಅದರ ಕೆಲಸ ಕೆಲಕಾಲ ಏರುಪೇರಾಗುತ್ತದೆ. ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. 2021ರ ಆಗಸ್ಟಿನಲ್ಲಿ ನಾಟಿಂಗ್‌ಹ್ಯಾಮಿನ ನೆಟ್ಸ್‌ನಲ್ಲಿ ಸಿರಾಜ್ ಎಸೆತ ಮಯಾಂಕ್ ಅಗರ್ವಾಲ್ ಹೆಲ್ಮೆಟ್ಟಿಗೆ ಬಡಿದಾಗ, ಲಕ್ಷಣಗಳು ಕಂಡವೆಂದು ಅವರನ್ನು ಟೆಸ್ಟಿನಿಂದ ಹೊರಗಿಟ್ಟರು. ಆ ಜಾಗಕ್ಕೆ ಬಂದ ರಾಹುಲ್ 84 ಹೊಡೆದರು. ಮಯಾಂಕ್ ಅವರನ್ನು ಯಾರೂ ಪುಕ್ಕಲ ಎನ್ನಲಿಲ್ಲ. ಪೆಟ್ಟು ತಿಂದವರ ಬದಲಿಗೆ ಇನ್ನೊಬ್ಬರನ್ನು ಆಡಿಸುವ ನಿಯಮವನ್ನು ಐಸಿಸಿ ತಂದದ್ದೂ 2019ರಲ್ಲಷ್ಟೇ.

ಹೋಬಳಿಯ ಅಂಗಳಕ್ಕೆ ಆ ನಿಯಮ ಇನ್ನೂ ಬಂದಿಲ್ಲ. ಕಳೆದ ವರ್ಷ ತಂಗಿಯ ಮಗಳು ತಾಲ್ಲೂಕು ಸೆಮಿಫೈನಲ್ ಆಡುತ್ತಿದ್ದಳು. ಹದಿಮೂರು ವರ್ಷ. ಈಗ ಮಣ್ಣಿಲ್ಲ, ಮ್ಯಾಟು. ಮೊಣಕಾಲು ಮಾತ್ರ ಅದೇ. ಬಿದ್ದಳು, ಎದ್ದಳು, ಚಪ್ಪಾಳೆ ಬಿತ್ತು. ನಾನು ಬೆರಳು ತೋರಿಸಲಿಲ್ಲ. ಇದು ಎಷ್ಟನೇ ಅರ್ಧ, ಕೊನೆಯ ಪಾಯಿಂಟ್ ಯಾರದು, ಹಿಂದಿನ ಮ್ಯಾಚು ಯಾರ ಮೇಲೆ ಎಂದು ಕೇಳಿದೆ. ಎರಡನೆಯದಕ್ಕೇ ತಡವರಿಸಿದಳು. ಕೈ ಹಿಡಿದು ಹೊರಗೆ ಕರೆತಂದೆ. "ನಿಂತಿದ್ದಾಳಲ್ಲ ಸಾರ್!" ಎಂದರು ತಂಡದವರು. ನಿಂತಿದ್ದಳು, ನಿಜ. ಆದರೆ ಮೊದಲ ಪೆಟ್ಟು ಮಾಗುವ ಮೊದಲೇ ಇನ್ನೊಂದು ಬಿದ್ದರೆ, ಅಪರೂಪಕ್ಕೆ ಎಳೆಯರ ಮಿದುಳು ಊದಿ ಜೀವವೇ ಹೋಗುವುದುಂಟು.

ಡಾಕ್ಟರು ಪರೀಕ್ಷಿಸಿ ಸ್ಕ್ಯಾನ್ ಬೇಡವೆಂದರು. ಸ್ಕ್ಯಾನಿನಲ್ಲಿ ಕಾಣುವುದು ರಕ್ತಸ್ರಾವ, ಕನ್‌ಕಷನ್ ಅಲ್ಲ. ಪದೇಪದೇ ವಾಂತಿ, ಏರುವ ತಲೆನೋವು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಕೈಕಾಲಿನ ನಿಶ್ಶಕ್ತಿ ಕಂಡರೆ ಮಾತ್ರ ರಾತ್ರಿಯೋ ಹಗಲೋ ನೋಡದೆ ಓಡಿಬನ್ನಿ ಎಂದರು. "ನಿದ್ದೆ?" ಎಂದೆ. "ಮಲಗಲಿ ಬಿಡಿ."

ಎರಡು ದಿನ ಮನೆಯಲ್ಲೇ ಹಗುರಾಗಿ ಓಡಾಟ, ಮೊಬೈಲಿಗೆ ಬಿಡುವು. ಆಮೇಲೆ ಅರ್ಧ ದಿನ ಶಾಲೆ. ನಡಿಗೆ, ಓಟ, ಹಿಡಿತವಿಲ್ಲದ ಅಭ್ಯಾಸ: ದಿನಕ್ಕೊಂದೇ ಮೆಟ್ಟಿಲು, ತಲೆನೋವು ಹೆಚ್ಚಾದರೆ ಅಲ್ಲೇ ತಡೆ. ಪಾಠಗಳು ಮೊದಲಿನಂತಾದ ಮೇಲೆ ಡಾಕ್ಟರು ಒಪ್ಪಿದರು, ಆಗಷ್ಟೇ ಪೂರ್ತಿ ಆಟ. ಮೂರು ವಾರ ಹಿಡಿಯಿತು.

ಅವಳಿಲ್ಲದ ತಂಡ ಫೈನಲ್ ಸೋತಿತು. ವಾರವಿಡೀ ನನ್ನ ಜೊತೆ ಮಾತು ಬಿಟ್ಟಳು. ಈಗಲೂ ಎದುರು ಸಿಕ್ಕಾಗ, ನಾಲ್ಕೇ ಪಾಯಿಂಟಲ್ಲಿ ಸೋತದ್ದು ಎಂದು ಚುಚ್ಚುತ್ತಾಳೆ. ಕೊನೆಯ ರೈಡು ಯಾರದು, ಎಷ್ಟು ಸೆಕೆಂಡು ಉಳಿದಿತ್ತು, ಎಲ್ಲ ಒಪ್ಪಿಸುತ್ತಾಳೆ.

ನನ್ನ ಫೈನಲ್ ಏನಾಯಿತೆಂದು ಕೇಳಿದರೆ, ನಾನು ಟ್ರಂಕು ತೆಗೆದು ಸರ್ಟಿಫಿಕೇಟ್ ನೋಡಿ ಹೇಳಬೇಕು. ದ್ವಿತೀಯ ಸ್ಥಾನ ಎಂದು ಬರೆದಿದೆ.