ಫ್ರಾಂಕನ್ನ ರೂಪಾಯಿಗೆ ಗುಣಿಸಬೇಡಿ

1/6
ಮೊದಲನೇ ಫೋಟೋದಲ್ಲಿರೋ ಕುರ್ಚಿ ನೋಡಿ. ಒಂದು ಕಾಲು ಮುರಿದಿದೆ, ಎಡಿಟ್ ಅಲ್ಲ. 12 ಮೀಟರ್ ಎತ್ತರದ ಮರದ ಕುರ್ಚಿ ಇದು. ಜಿನೀವಾದಲ್ಲಿ ವಿಶ್ವಸಂಸ್ಥೆಯ ಗೇಟ್ ಎದುರಿಗಿದೆ. ನೆಲಬಾಂಬಿಗೆ ಕೈಕಾಲು ಕಳ್ಕೊಂಡವರನ್ನ ಜಗತ್ತು ಮರೀಬಾರದು ಅಂತ 1997ರಲ್ಲಿ ನಿಲ್ಲಿಸಿದ್ದು.

ಅಕ್ಕ ಅಲ್ಲಿನ ಒಂದು ಅಂತರರಾಷ್ಟ್ರೀಯ ಸಂಸ್ಥೆಗೆ ಕೆಲಸಕ್ಕೆ ಸೇರಿದ ದಿನ ಕಳಿಸಿದ ಮೊದಲ ಫೋಟೋ ಇದು. ಅಮ್ಮ ಅರ್ಥ ಕೇಳೋಕೂ ಮುಂಚೆ, "ಹೋದ ದಿನಾನೇ ಮುರಿದ ಕುರ್ಚಿ ಕಳಿಸಿದ್ಲಲ್ಲೋ, ಬೇರೆ ಏನೂ ಸಿಗಲಿಲ್ವಾ?" ಅಂದ್ಲು.

ನಾನು ಅದನ್ನ ಸ್ಟೋರಿ ಹಾಕಿದೆ. ಮಾರನೇ ದಿನ ಕ್ಲಾಸಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಮಗಾ, ಸಂಬಳ ಎಷ್ಟು?" ಅದಕ್ಕೇ ಈ ಸೀರೀಸ್. ಅಕ್ಕನ್ನ ಕೇಳಿಯೇ ಬರೀತಿದೀನಿ.

2/6
ಅವಳು ಇಳಿದಿದ್ದು ಶನಿವಾರ ರಾತ್ರಿ. ಭಾನುವಾರ ಎದ್ದು ಹಾಲು ತರೋಣ ಅಂತ ಹೊರಗೆ ಹೋದ್ರೆ ಇಡೀ ರಸ್ತೆ ಬಂದ್. ಅಲ್ಲಿ ಭಾನುವಾರ ಹೆಚ್ಚುಕಮ್ಮಿ ಎಲ್ಲಾ ಅಂಗಡಿ ಮುಚ್ಚಿರುತ್ತವೆ. ಕೊರ್ನವಾಂ ರೈಲ್ವೆ ಸ್ಟೇಷನ್ ಒಳಗೆ ತೆಗೆದಿರುತ್ತೆ ಅಂತ ಅವಳಿಗೆ ಗೊತ್ತಾಗಿದ್ದು ಮುಂದಿನ ವಾರ. ಮೊದಲ ದಿನ ಪೂರ್ತಿ ಅಮ್ಮ ಕಟ್ಟಿಕೊಟ್ಟಿದ್ದ ಅವಲಕ್ಕಿ, ಚಟ್ನಿಪುಡಿ.

ಕುಕ್ಕರ್ ಕಥೆ ಇನ್ನೊಂದು. ಅಮ್ಮ ಹಟ ಮಾಡಿ ಸೂಟ್‌ಕೇಸಲ್ಲಿ ಅಲ್ಯೂಮಿನಿಯಂ ಕುಕ್ಕರ್ ತುಂಬಿಸಿದ್ಲು. ತೂಕ ಜಾಸ್ತಿ ಆಯ್ತು ಅಂತ ಅಕ್ಕ ಎರಡು ಸ್ವೆಟರ್ ತೆಗೆದಿಟ್ಲು. ಅಲ್ಲಿ ಹೋಗಿ ನೋಡಿದ್ರೆ ಇಂಡಕ್ಷನ್ ಒಲೆ. ಅದರ ಮೇಲೆ ಅಲ್ಯೂಮಿನಿಯಂ ಬಿಸೀನೇ ಆಗಲ್ಲ. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. "ಬೇಳೆ ಚೆನ್ನಾಗಿ ಬೇಯುತ್ತಾ?" ಅಂದ್ರೆ "ಮೂರು ವಿಷಲ್ ಅಮ್ಮ" ಅಂತಾಳೆ. (ಅಮ್ಮ ಇನ್‌ಸ್ಟಾಗ್ರಾಂನಲ್ಲಿಲ್ಲ. ಯಾರೂ ಹೇಳ್ಬೇಡಿ.)

3/6
ಆಫೀಸಲ್ಲಿ ಇಂಗ್ಲಿಷ್, ಬೀದಿಯಲ್ಲಿ ಫ್ರೆಂಚ್. ಇಲ್ಲಿ ಆ್ಯಪಲ್ಲಿ ಕಲಿತುಕೊಂಡು ಹೋಗಿದ್ದು ಪ್ಯಾರಿಸ್ ಫ್ರೆಂಚ್. ಅದರಲ್ಲಿ ಎಪ್ಪತ್ತಕ್ಕೆ "ಅರವತ್ತು-ಹತ್ತು" ಅಂತಾರೆ. ಜಿನೀವಾದವರು ನೆಟ್ಟಗೆ "ಸೆಪ್ಟಾಂತ್" ಅಂತಾರೆ, ತೊಂಬತ್ತಕ್ಕೆ "ನೋನಾಂತ್". ಅಂಗಡಿಯವರು ರೇಟ್ ಹೇಳಿದಾಗ ಇವಳು ಬ್ಲಿಂಕ್ ಆಗಿ ಕಾರ್ಡ್ ಕೊಟ್ಟುಬಿಟ್ಲಂತೆ.

ಅದಕ್ಕಿಂತ ಕಷ್ಟ ಆಗಿದ್ದು ಹೆಸರು. ಬಾಸ್‌ಗೆ ಅಪ್ಪನಿಗಿಂತ ಹೆಚ್ಚು ವಯಸ್ಸು. "ನನ್ನ ಹೆಸರು ಹಿಡಿದೇ ಕರಿ" ಅಂತಾರೆ. ಅಕ್ಕನ ಬಾಯಿಗೆ ಬರೋದೇ ಇಲ್ಲ. ಸರ್ ಅನ್ನೋ ಹಾಗಿಲ್ಲ, ಹೆಸರು ಹೇಳೋಕಾಗಲ್ಲ. ಮೂರು ವಾರ ಅವರ ಗಮನ ಸೆಳೆಯೋಕೆ "ಎಕ್ಸ್‌ಕ್ಯೂಸ್ ಮಿ" ಒಂದರಲ್ಲೇ ಕಾಲ ಕಳೆದ್ಲಂತೆ. ಮೀಟಿಂಗಲ್ಲಿ ಯಾರೂ ಕೇಳದೆ ಮಾತಾಡೋದು ಅಧಿಕಪ್ರಸಂಗ ಅಂತ ನಾವು ಕಲಿತಿರೋದು. ಅಲ್ಲಿ ಸುಮ್ಮನೆ ಕೂತವಳಿಗೆ ಹೇಳೋಕೆ ಏನೂ ಇಲ್ಲ ಅಂದ್ಕೊಳ್ತಾರೆ. ಮೊದಲ ಸಲ ಬಾಯಿ ಬಿಟ್ಟ ದಿನ ಮನೆಗೆ ಫೋನ್ ಮಾಡಿ, "ಇವತ್ತು ಮಾತಾಡ್ದೆ ಕಣೋ" ಅಂದ್ಲು. ಏನು ಮಾತಾಡ್ದೆ ಅಂತ ನಾನು ಕೇಳಲೂ ಇಲ್ಲ. ನನಗೆ ಆಗ ಬೇರೆ ಲೆಕ್ಕ ಇತ್ತು.

4/6
ನನ್ನ ಲೆಕ್ಕ ಇದು. ಒಂದು ಸ್ವಿಸ್ ಫ್ರಾಂಕ್ ನೂರು ರೂಪಾಯಿಗಿಂತ ಜಾಸ್ತಿ. ಅವಳ ಸಂಬಳವನ್ನ ನೂರರಿಂದ ಗುಣಿಸಿ, ಅಪ್ಪನ ಮುಂದೆ ಹಿಡಿದೆ. ಅಪ್ಪ ಮನೆ ಮೇಲೆ ಇನ್ನೊಂದು ಫ್ಲೋರ್ ಕಟ್ಟೋ ಲೆಕ್ಕ ಶುರು ಮಾಡಿದ್ರು, ಬ್ಯಾಂಕಿಂದ ಲೋನ್ ಫಾರಂ ತಂದ್ರು. ನಾನು ಲ್ಯಾಪ್‌ಟಾಪ್ ಲಿಂಕ್ ಕಳಿಸಿದೆ. ಅಕ್ಕ ಬರೀ ಥಂಬ್ಸ್ ಅಪ್ ಹಾಕಿದ್ಲು, ಆಮೇಲೆ ಸೈಲೆಂಟ್. ಹತ್ತು ದಿನ ನಾನೂ ಮಾತು ಬಿಟ್ಟೆ. ಫಾರಿನ್‌ಗೆ ಹೋದ ಮೇಲೆ ಕೊಬ್ಬು ಅಂದ್ಕೊಂಡೆ. ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ, ಆದ್ರೂ ಬರೀತೀನಿ.

5/6
ಒಂದು ರಾತ್ರಿ ಅವಳೇ ಫೋನ್ ಮಾಡಿದ್ಲು. ಚಳಿಗಾಲದಲ್ಲಿ ಅವರು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ ಒಂದಾಗಿತ್ತು. "ನೀನು ಬಿಕಾಂ ಅಲ್ವಾ, ಪೆನ್ ತಗೋ" ಅಂದ್ಲು. ಬರೆದಿದ್ದು ಇಷ್ಟು:

ವಿಶ್ವಸಂಸ್ಥೆ ಪದ್ಧತಿಯಲ್ಲಿ ಅವಳ ದರ್ಜೆಯವರ ಸಂಬಳಕ್ಕೆ ಎರಡು ಭಾಗ. ಒಂದು ಮೂಲ ಸಂಬಳ, ಅದು ಎಲ್ಲಾ ದೇಶದಲ್ಲೂ ಒಂದೇ. ಇನ್ನೊಂದು ಪೋಸ್ಟ್ ಅಡ್ಜಸ್ಟ್‌ಮೆಂಟ್. ನ್ಯೂಯಾರ್ಕಿಗೆ ಹೋಲಿಸಿ ಆಯಾ ಊರಿನ ಬೆಲೆ ನೋಡಿ ಕೊಡೋದು. ಅಂದ್ರೆ ದುಬಾರಿ ಊರು ಅಂತ ಸೇರಿಸಿದ ದುಡ್ಡು ಆ ಊರಲ್ಲೇ ಖರ್ಚಾಗೋಕೆ ಇರೋದು. ಪರ್ಚೇಸಿಂಗ್ ಪವರ್ ಅಂತ ನಾವು ಎಕ್ಸಾಮಲ್ಲಿ ಬರೀತೀವಲ್ಲ, ಅದೇ.

ಪಿಂಚಣಿ ನಿಧಿಗೆ ಕಟ್. ಅದು ಶೇ. 7.9, ಸಂಸ್ಥೆ ಅದರ ಎರಡರಷ್ಟು ಹಾಕುತ್ತೆ. ಆರೋಗ್ಯ ವಿಮೆಗೆ ಕಟ್. ಬಾಡಿಗೆ ಮನೆಗೆ ಅಡ್ವಾನ್ಸ್ ಮೂರು ತಿಂಗಳದ್ದು. ಬೆಂಗಳೂರಿನ ಹತ್ತು ತಿಂಗಳಿಗಿಂತ ಪರವಾಗಿಲ್ಲ, ಅದೂ ಬ್ಯಾಂಕಲ್ಲಿ ಅವಳ ಹೆಸರಲ್ಲೇ ಇರುತ್ತೆ, ಆದ್ರೆ ಮುಟ್ಟೋ ಹಾಗಿಲ್ಲ. ಮನೆ ಕೊಡೋರು ಹಳೇ ಪೇಸ್ಲಿಪ್ ಕೇಳ್ತಾರೆ, ಆಗಷ್ಟೇ ಬಂದವಳ ಹತ್ತಿರ ಎಲ್ಲಿಂದ ಬರ್ಬೇಕು? ಅದಕ್ಕೇ ಎರಡು ತಿಂಗಳು ದುಬಾರಿ ತಾತ್ಕಾಲಿಕ ರೂಮು. ನೆಲೆಯೂರೋಕೆ ಅಂತ ಸಂಸ್ಥೆ ಕೊಟ್ಟ ಗ್ರಾಂಟ್ ಅಲ್ಲೇ ಮುಗೀತು. ಎಷ್ಟೋ ಸಹೋದ್ಯೋಗಿಗಳು ಗಡಿ ದಾಟಿ ಫ್ರಾನ್ಸಲ್ಲಿ ಮನೆ ಮಾಡಿ ದಿನಾ ಬಂದು ಹೋಗ್ತಾರಂತೆ.

ಕೊನೇ ಸಾಲು ಅವಳು ನಿಧಾನವಾಗಿ ಹೇಳಿದ್ಲು. "ಕಾಂಟ್ರಾಕ್ಟ್ ಒಂದು ವರ್ಷದ್ದು ಕಣೋ. ಮುಂದುವರಿಸ್ತಾರೆ ಅನ್ನೋ ಗ್ಯಾರಂಟಿ ಇಲ್ಲ." 2025ರಲ್ಲಿ ದೇಶಗಳು ಕೊಡೋ ದುಡ್ಡು ಕಮ್ಮಿಯಾಗಿ ಜಿನೀವಾದ ಹಲವು ಸಂಸ್ಥೆಗಳು ಹುದ್ದೆ ಕಡಿಮೆ ಮಾಡಿದ್ವು. ನ್ಯೂಸಲ್ಲಿ ನಾನೂ ನೋಡಿದ್ದೆ. ಅದನ್ನ ನಮ್ಮ ಅಕ್ಕನ ಜೊತೆ ಸೇರಿಸಿ ಯೋಚಿಸಿರಲಿಲ್ಲ.

"ಇದನ್ನ ಅಪ್ಪನಿಗೆ ಯಾಕೆ ಹೇಳಲಿಲ್ಲ?" ಅಂದೆ.
"ಎಲ್ಲರ ಹತ್ರ ಹೇಳ್ಕೊಂಡು ಓಡಾಡ್ತಿದಾರೆ. ಹೆಂಗೆ ಹೇಳ್ಲಿ?"
ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ವಿ. ಅವಳು ಮೂಗು ಒರೆಸಿಕೊಂಡಿದ್ದು ಕೇಳಿಸ್ತು. ಶೀತ ಅಂದ್ಲು.

6/6
ಬೆಳಿಗ್ಗೆ ಅಪ್ಪ ಕಾಫಿ ಕುಡೀವಾಗ ಆ ಹಾಳೆ ಮುಂದಿಟ್ಟೆ. ಬ್ಯಾಲೆನ್ಸ್ ಶೀಟ್ ಥರ ಎಡಕ್ಕೆ, ಬಲಕ್ಕೆ ಬರೆದಿದ್ದೆ. ಎರಡು ಸಲ ಓದಿದ್ರು. ಬೈತಾರೆ ಅಂದ್ಕೊಂಡಿದ್ದೆ. ಲೋನ್ ಫಾರಂ ಮಡಚಿ ಬೀರುವಲ್ಲಿಟ್ಟು, "ಮಗೂಗೆ ಅಲ್ಲಿ ಸ್ವೆಟರ್ ಇದೆಯೇನೋ?" ಅಂತ ಕೇಳಿದ್ರು. ಅವಳು ಬಿಟ್ಟುಹೋದ ಎರಡು ಸ್ವೆಟರ್ ಅದೇ ಬೀರುವಲ್ಲಿದ್ವು.

ಅವತ್ತೇ ಕೊರಿಯರ್ ಚಾರ್ಜ್ ವಿಚಾರಿಸಿದ್ವಿ. ಹೊಸ ಸ್ವೆಟರ್‌ಗಿಂತ ಜಾಸ್ತಿ ಅಂದ್ರು. ಅಪ್ಪ ಆದ್ರೂ ಕಳಿಸಿದ್ರು, ಜೊತೆಗೆ ಚಟ್ನಿಪುಡಿ.

ಕಾಂಟ್ರಾಕ್ಟ್ ಏನಾಗುತ್ತೆ ಅಂತ ಇನ್ನೂ ಗೊತ್ತಿಲ್ಲ. ಅಕ್ಕ ಸಂಸ್ಥೆಯ ಫ್ರೆಂಚ್ ಕ್ಲಾಸಿಗೆ ಸೇರಿದ್ದಾಳೆ. ಬಾಸ್ ಹೆಸರು ಹೇಳೋಕೆ ಬಂದಿದೆಯಂತೆ. ನಾನು ಹಳೇ ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕಿಸ್ಕೊಂಡೆ, ಸಾಕಾಗಿದೆ. ಈಗ ಫೋನ್ ಮಾಡಿದಾಗ ಮೊದಲು "ಇವತ್ತು ಮೀಟಿಂಗಲ್ಲಿ ಏನು ಮಾತಾಡ್ದೆ?" ಅಂತ ಕೇಳ್ತೀನಿ.

ನಿಮ್ಮನೇಲೂ ಅಕ್ಕ, ಅಣ್ಣ ಯಾರಾದ್ರೂ ಹೊರಗಿದ್ರೆ ಇವತ್ತು ಒಂದು ಫೋನ್ ಮಾಡಿ. ಏನೂ ಕೇಳಬೇಡಿ, ಊಟ ಆಯ್ತಾ ಅನ್ನಿ ಸಾಕು. ಮಾಡಿದವರು ಕಾಮೆಂಟಲ್ಲಿ ಹೇಳಿ.

#ಅಕ್ಕ #ಜಿನೀವಾ #ಬಿಕಾಂಹುಡುಗನಲೆಕ್ಕ